ಬೀಗವೇ ಕಾವಲಲ್ಲ

ಬಸದಿಯ ಬಾಗಿಲಿಗೆ ಬೀಗ ಜಡಿದು 'ಸಂರಕ್ಷಿತ ಸ್ಮಾರಕ' ಎಂಬ ಫಲಕ ನೆಟ್ಟರೆ ಸಂರಕ್ಷಣೆ ಪೂರ್ಣವಾಯಿತೆಂದು ಭಾವಿಸುವುದು ಆತ್ಮವಂಚನೆ. 2022ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ಮುಂದಿದ್ದ ಲೆಕ್ಕವಿದು: ಕೇಂದ್ರ ಪುರಾತತ್ತ್ವ ಇಲಾಖೆಯ 3,600ಕ್ಕೂ ಮಿಕ್ಕ ಸ್ಮಾರಕಗಳಿಗೆ ಬೇಕಾದ ಕಾವಲುಗಾರರು 7,000, ಹಣದ ಕೊರತೆಯಿಂದ ನಿಯೋಜಿತರಾದವರು 2,578 ಮಂದಿ, ಅದೂ 248 ಸ್ಥಳಗಳಲ್ಲಿ ಮಾತ್ರ. ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರಕ್ಕೆ ಬಂದ ಯಾತ್ರಿಕನು, ಬೀಗದ ಕೈ ಹಿಡಿದವನಿಲ್ಲದ ದಿನ, ಹೊರಭಿತ್ತಿಯ ಶಿಲ್ಪಗಳನ್ನಷ್ಟೇ ಕಂಡು, ಶಾಂತಿನಾಥನ ದರ್ಶನವಿಲ್ಲದೆ ಮರಳಬೇಕು.

ದೋಷ ಸರ್ಕಾರದ್ದು ಮಾತ್ರವೇ? 1159ರಲ್ಲಿ ಹುಳ್ಳರಾಜನು ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಭಂಡಾರಿ ಬಸದಿಗೆ ಹೊಯ್ಸಳ ನರಸಿಂಹನು ಸವಣೇರು ಗ್ರಾಮವನ್ನೇ ದತ್ತಿಯಾಗಿ ಬಿಟ್ಟನು. ಕಟ್ಟಿದ್ದು ಉಳಿಯಲು ವರ್ಷವರ್ಷದ ಹುಟ್ಟುವಳಿ ಬೇಕೆಂಬ ಅರಿವು ಅಂದಿನವರಿಗಿತ್ತು. ಇಂದಿನ ಶ್ರಾವಕರು ಹೊಸ ಮಂದಿರದ ಅಮೃತಶಿಲೆಗೆ ಉದಾರವಾಗಿ ಕೊಡುತ್ತಾರೆ. ಹಳೆಯ ಬಸದಿಯ ಬಾಗಿಲು ತೆರೆಯುವವನ ಸಂಬಳಕ್ಕೆ ಹಿಂಜರಿಯುತ್ತಾರೆ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಆಸೆಯೂ ಪರಿಗ್ರಹವೇ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಸದಿ ಸಮಿತಿಗಳು ಒಂದಾಗಿ, ಕಾವಲು ಸಿಬ್ಬಂದಿಯ ನೇಮಕಕ್ಕೆ ಇಲಾಖೆಯನ್ನು ಒತ್ತಾಯಿಸಲಿ. ಇಲಾಖೆಗೆ ಸೇರದ ಬಸದಿಗಳಿಗಾದರೂ ತಮ್ಮ ದತ್ತಿಯಿಂದಲೇ ಒಬ್ಬೊಬ್ಬ ಕಾವಲುಗಾರನನ್ನು ನೇಮಿಸಲಿ. ಅಷ್ಟನ್ನೂ ಮಾಡದವರಿಗೆ ಮುಚ್ಚಿದ ಬಾಗಿಲನ್ನು ದೂರುವ ಅಧಿಕಾರವಿಲ್ಲ.