ಗುಳ್ಳಿ ಎದ್ದಾವಂತ ಮಾಸ್ಕ್ ಬಿಸಾಕಬ್ಯಾಡ್ರಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ತೆಗೆಯೋರ ಮಾರಿ ಬಗ್ಗೆ ಬರೆಯುತ್ತಿದ್ದೇನೆ. ನಗಬ್ಯಾಡ್ರಿ, ಪೂರಾ ಓದ್ರಿ.

ಸೋಯಾ ರಾಶಿ ಟೈಮಿನಲ್ಲಿ ಔರಾದ್ ತಾಲ್ಲೂಕಿನ ನಮ್ಮ ಅಣ್ಣನ ಹೊಲಕ್ಕೆ ಹೋಗಿದ್ದೆ. ಮಷಿನ್ ಹೊಟ್ಟು ಉಗುಳುತ್ತಿತ್ತು. ಎದುರಿಗೆ ನಿಂತವರು ಕಾಣದಷ್ಟು ಧೂಳು. ಅಣ್ಣನ ಮಗಳು ಬೀದರ್‌ನಲ್ಲಿ ಡಿಗ್ರಿ ಓದುತ್ತಾಳೆ, ರಜೆಗೆ ಬಂದವಳು ಚೀಲ ಹಿಡಿಯಲು ನಿಂತಿದ್ದಳು. ಮೂಗು ಬಾಯಿಗೆ ಏನೂ ಇಲ್ಲ. "ಯಾಕವ್ವ, ಹೋದ ವರ್ಷ ಮಾಸ್ಕ್ ಹಾಕ್ತಿದ್ದೆಲ್ಲ?" ಅಂದೆ. "ಕಾಕಾ, ನೋಡ್ರಿ ಇಲ್ಲಿ" ಅಂತ ಗದ್ದ ತೋರಿಸಿದಳು. ಮಾಸ್ಕ್ ಕೂಡುವ ಜಾಗದಲ್ಲೇ, ಗದ್ದದಿಂದ ಮೂಗಿನ ಪಕ್ಕದವರೆಗೆ, ಕೆಂಪು ಗುಳ್ಳಿ. ಹಳೇ ಕಲೆ ಬೇರೆ. "ಧೂಳ ಒಳಗ ಹೋದ್ರ ಯಾರಿಗೂ ಕಾಣಂಗಿಲ್ಲ ಕಾಕಾ, ಗುಳ್ಳಿ ಎಲ್ಲಾರಿಗೂ ಕಾಣ್ತಾವ."

ಅಲ್ಲಿದ್ದ ಗಂಡಸರು ನಕ್ಕರು. ನನಗೆ ನಗು ಬರಲಿಲ್ಲ, ಯಾಕಂದ್ರ ಆಕೆ ಹೇಳಿದ್ದು ಖರೆ ಲೆಕ್ಕ. ಕೊರೊನಾ ಕಾಲದಲ್ಲಿ, 2020ರಲ್ಲಿ, ನಮ್ಮ ಹಳ್ಳಿಗಳಿಗೆ ಮಾಸ್ಕ್ ಬಂತು. ಬಂದಿದ್ದು ರೋಗಕ್ಕೆ. ಆದರೆ ರಾಶಿ ಮಾಡುವವರಿಗೆ, ಔಷಧ ಹೊಡೆಯುವವರಿಗೆ ಅದು ಬಹಳ ಹಿಂದೆಯೇ ಬೇಕಿತ್ತು. ಸೇರಿದ ಪದ್ಧತಿ ಈಗ ಗುಳ್ಳಿ, ತುರಿಕೆ, ಉರಿ ಅಂತ ಒಂದೊಂದಾಗಿ ಬಿಟ್ಟುಹೋಗುತ್ತಿದೆ. ಮುಗ್ಗಿದ ಹೊಟ್ಟು, ಮೇವಿನ ಧೂಳು ಎದೆಗೆ ಹೋದರೆ ಕೆಲವರಿಗೆ ಅವತ್ತೇ ಸಂಜೆ ಚಳಿ ಜ್ವರ, ಕೆಮ್ಮು, ಉಸಿರುಗಟ್ಟು ಬರುತ್ತದೆ. ವರ್ಷ ವರ್ಷ ಹಿಂಗೇ ಆದರೆ ಪುಪ್ಪುಸ ಗಟ್ಟಿಯಾಗಿ ಕೂತುಬಿಡುತ್ತದೆ. ಔಷಧದ ಮಾತಂತೂ ಹೇಳುವುದೇ ಬೇಡ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಯವರು ವಿಷ ಏರಿ ಸತ್ತರು. ಹಂಗಾಗಿ ಮಾರಿ ಮೇಲಿನ ಗುಳ್ಳಿ ಸಣ್ಣ ವಿಷಯ ಅಂತ ನಾನು ಒಪ್ಪುವುದಿಲ್ಲ. ಅದನ್ನು ವಾಸಿ ಮಾಡದಿದ್ದರೆ ಮಾಸ್ಕ್ ಉಳಿಯುವುದಿಲ್ಲ.

ಗುಳ್ಳಿ ಯಾಕೆ ಏಳುತ್ತವೆ? ಮಾಸ್ಕಿನ ಒಳಗೆ ಉಸಿರಿನ ಬಿಸಿ, ಬೆವರು, ಹಸಿ. ಮೇಲೆ ಬಟ್ಟೆಯ ತಿಕ್ಕಾಟ. ಚರ್ಮದ ಸಣ್ಣ ರಂಧ್ರಗಳ ಬಾಯಿ ಉಬ್ಬಿ ಮುಚ್ಚುತ್ತವೆ, ಒಳಗಿನ ಜಿಡ್ಡು ಹೊರಗೆ ಬರುವುದಿಲ್ಲ, ಅಲ್ಲೇ ಕೀಟಾಣು ಬೆಳೆದು ಕೆಂಪಾಗುತ್ತದೆ. ಇದು ಹೊಸ ರೋಗವೂ ಅಲ್ಲ. ಹೆಲ್ಮೆಟ್ ಪಟ್ಟಿ ತಿಕ್ಕಿ ಆಟಗಾರರ ಗದ್ದದ ಮೇಲೆ ಏಳುವಂಥ ಮೊಡವೆ ಬಗ್ಗೆ ಅಮೆರಿಕದ ಚರ್ಮದ ಡಾಕ್ಟರರು 1975ರಲ್ಲೇ ಬರೆದಿದ್ದಾರೆ. 2003ರ ಸಾರ್ಸ್ ರೋಗದ ಹೊತ್ತಿಗೆ ಸಿಂಗಪುರದಲ್ಲಿ ಎನ್-95 ಮಾಸ್ಕ್ ಹಾಕಿದ ಆಸ್ಪತ್ರೆ ಸಿಬ್ಬಂದಿಯನ್ನು ಕೇಳಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಚರ್ಮದ ತೊಂದರೆ ಆಗಿತ್ತು, ಅದರಲ್ಲಿ ಮೊಡವೆಯದೇ ಮೇಲುಗೈ. ಏಸಿ ರೂಮಿನಲ್ಲಿ ಕೆಲಸ ಮಾಡುವವರಿಗೇ ಹಿಂಗಾದರೆ, ಬಿಸಿಲಲ್ಲಿ ರಾಶಿ ಮಾಡುವವರ ಕಥೆ ಏನು?

ನಮ್ಮ ಕಡೆ ಇನ್ನೊಂದು ಸೇರಿಕೊಳ್ಳುತ್ತದೆ: ಒಂದೇ ದಸ್ತಿ. ಬೆಳಿಗ್ಗೆ ಮಾರಿಗೆ ಕಟ್ಟಿದ್ದು, ಮಧ್ಯಾಹ್ನ ಬೆವರು ಒರೆಸಿದ್ದು, ರೊಟ್ಟಿ ಉಂಡು ಕೈ ಒರೆಸಿದ್ದು, ಮತ್ತೆ ಅದೇ ಮಾರಿಗೆ. ತೊಗರಿಗೆ ಔಷಧ ಹೊಡೆಯುವಾಗಲೂ ಅದೇ. ತೊಗರಿ ಎದೆಮಟ್ಟ ಬೆಳೆದಿರುತ್ತದೆ, ನಳಿಗೆ ಮೇಲೆ ಎತ್ತಿ ಹೊಡೆಯುತ್ತೇವೆ, ಗಾಳಿ ತಿರುಗಿದರೆ ತುಂತುರೆಲ್ಲ ಮಾರಿಗೆ. ದಸ್ತಿ ತೊಯ್ಯುತ್ತದೆ. ತೊಯ್ದ ದಸ್ತಿ ಕಾಪಾಡುವುದಿಲ್ಲ, ವಿಷವನ್ನು ತುಟಿಗೆ, ಗಲ್ಲಕ್ಕೆ ಅಂಟಿಸಿ ಹಿಡಿಯುತ್ತದೆ. ಮುಖದ ಚರ್ಮ ಅಂಗೈಗಿಂತ ಹೆಚ್ಚು ವಿಷ ಹೀರುತ್ತದೆ. ಲ್ಯಾಂಬ್ಡಾ ಸೈಹಲೋಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಔಷಧ ತಾಗಿದರೆ ಗುಳ್ಳಿ ಇಲ್ಲದೆಯೂ ಮಾರಿ ಚುರುಚುರು, ಜುಮುಜುಮು ಅನ್ನುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಅದನ್ನು "ಮಾಸ್ಕ್ ಹತ್ತಲಿಲ್ಲ" ಅಂತ ತಿಳಿದು ಮಾಸ್ಕ್ ಬಿಟ್ಟವರನ್ನು ನಾನು ಭಾಲ್ಕಿ ಕಡೆ ಕಂಡಿದ್ದೇನೆ. ತಪ್ಪು ಮಾಸ್ಕಿನದಲ್ಲ, ತೊಯ್ದ ಮೇಲೂ ಬದಲಿಸದ ನಮ್ಮದು. ಇನ್ನೊಂದು ಮಾತು: ಬಟ್ಟೆಯಾಗಲಿ ಎನ್-95 ಆಗಲಿ ಔಷಧದ ಆವಿ ತಡೆಯುವುದಿಲ್ಲ. ಎನ್-95 ಧೂಳಿಗೆ. ಡಬ್ಬಿ ಮೇಲೆ ಕೆಂಪು ಅಥವಾ ಹಳದಿ ಗುರುತಿನ ಔಷಧ ಇದ್ದರೆ ಇದ್ದಿಲಿನ ಡಬ್ಬಿ ಕೂಡಿಸಿದ ರಬ್ಬರ್ ಮಾಸ್ಕೇ ಬೇಕು.

ಈಗ ನನ್ನದೇ ಒಂದು ಮೂರ್ಖತನ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನಗೂ ಹಿಂಗೇ ಮೂಗಿನ ಪಕ್ಕ ಕೆಂಪಾಗಿ ತುರಿಸುತ್ತಿತ್ತು. ಮೆಡಿಕಲ್ ಅಂಗಡಿಯಲ್ಲಿ ಮಾರಿ ತೋರಿಸಿದೆ, ಒಂದು ಟ್ಯೂಬ್ ಕೊಟ್ಟರು. ಎರಡೇ ದಿನದಲ್ಲಿ ತಣ್ಣಗಾಯಿತು. "ಭಾರೀ ಔಷಧ" ಅಂತ ಮನೆಮಂದಿಗೆಲ್ಲ ಹೇಳಿದೆ. ಬಿಟ್ಟ ವಾರಕ್ಕೆ ದುಪ್ಪಟ್ಟು ಬಂತು. ಮತ್ತೆ ಹಚ್ಚಿದೆ, ಮತ್ತೆ ಬಂತು. ನಾಲ್ಕು ತಿಂಗಳಿಗೆ ಚರ್ಮ ತೆಳುವಾಗಿ ಬಿಸಿಲಿಗೆ ಹೋದರೆ ಬೆಂಕಿ ಬಿದ್ದಂಗೆ ಆಗುತ್ತಿತ್ತು. ಕೊನೆಗೆ ಬೀದರ್‌ಗೆ ಹೋಗಿ ಚರ್ಮದ ಡಾಕ್ಟರಿಗೆ ಟ್ಯೂಬ್ ತೋರಿಸಿದಾಗ ಅವರು ಮೊದಲು ಅದನ್ನೇ ಬುಟ್ಟಿಗೆ ಹಾಕಿದರು. ಒಳಗಿದ್ದದ್ದು ಸ್ಟೀರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್: ಟ್ಯೂಬಿನ ಮೇಲೆ ಇವುಗಳಲ್ಲಿ ಯಾವುದೇ ಹೆಸರಿದ್ದರೂ ಡಾಕ್ಟರ್ ಬರೆದುಕೊಡದೆ ಮಾರಿಗೆ ಹಚ್ಚಬ್ಯಾಡ್ರಿ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಕಾಗದದ ಮೇಲಿನ ಮಾತು ಅದು. ಕೌಂಟರಿನಲ್ಲಿ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತು. ಬಿಳಿ ಮಾಡುವ ಕ್ರೀಮ್ ಅಂತ ಹುಡುಗಿಯರು ತರುವ ಕೆಲವು ಟ್ಯೂಬುಗಳಲ್ಲೂ ಇದೇ ಇರುತ್ತದೆ. ಹುಳುಕಡ್ಡಿ ಮೇಲೆ ಇದನ್ನು ಹಚ್ಚಿದರಂತೂ ಅದು ಒಳಗೇ ಹರಡುತ್ತದೆ.

ಹಂಗಾದರೆ ಮಾಡುವುದೇನು? ದೊಡ್ಡ ಖರ್ಚಿನದಲ್ಲ. ಮನೆಯಲ್ಲಿ ಹಳೇ ಹತ್ತಿ ಸೀರೆ, ಧೋತರ ಇದ್ದರೆ ಮೆತ್ತನೆಯ ತುಂಡು ಕತ್ತರಿಸಿ ದಿನಕ್ಕೆ ಮೂರು ಮಾಸ್ಕ್ ಲೆಕ್ಕದಲ್ಲಿ ಹೊಲಿಸಿಕೊಳ್ಳಿ. ನೈಲಾನ್, ಪಾಲಿಸ್ಟರ್ ಬೇಡ. ಬೆವರಿಗೆ ತೊಯ್ದ ಕೂಡಲೇ ಒಣಗಿದ್ದು ಹಾಕಿ, ತೊಯ್ದದ್ದು ಬೇರೆ ಚೀಲಕ್ಕೆ. ಸಂಜೆ ಮೈಸೋಪಿನಲ್ಲಿ ತೊಳೆದು ಎರಡು ಸಲ ಜಾಲಿಸಿ, ಬಿಸಿಲಿಗೆ ಒಣಗಿಸಿ. ಬಟ್ಟೆ ಪೌಡರ್ ಉಳಿದರೆ ಅದೇ ಚರ್ಮ ಸುಡುತ್ತದೆ. ಔಷಧ ಹೊಡೆದ ದಿನದ ಬಟ್ಟೆ ಮಕ್ಕಳ ಬಟ್ಟೆ ಜೊತೆ ನೆನೆಹಾಕಬ್ಯಾಡ್ರಿ. ಎನ್-95 ತೊಳೆಯುವ ವಸ್ತುವಲ್ಲ. ತೊಯ್ದರೆ, ಹರಿದರೆ, ಉಸಿರು ಎಳೆಯಲು ಕಷ್ಟ ಆದರೆ ಬಿಸಾಕಬೇಕು. ಎರಡು ತಾಸಿಗೊಮ್ಮೆ ಧೂಳಿಂದ ದೂರ, ಗಾಳಿ ಬರುವ ಕಡೆ ಹೋಗಿ ಐದು ಹತ್ತು ನಿಮಿಷ ಮಾಸ್ಕ್ ತೆಗೆದು ಮಾರಿಗೆ ಗಾಳಿ ಬಿಡಿ. ಅದಕ್ಕೂ ಮೊದಲು ಕೈ ಸೋಪಿನಿಂದ ತೊಳೀರಿ, ಔಷಧದ ಕೈಯಲ್ಲಿ ಮಾರಿ ಮುಟ್ಟಿದರೆ ಎಲ್ಲಾ ವ್ಯರ್ಥ.

ಮಾಸ್ಕ್ ಕೆಳಗೆ ಕೊಬ್ಬರಿ ಎಣ್ಣೆ, ಸ್ನೋ, ಪೌಡರ್ ಬೇಡ. ಹೊಲಕ್ಕೆ ಹೋಗುವ ಮೊದಲು ಬರೀ ನೀರು ಸಾಕು, ಬಂದ ಮೇಲೆ ಒಮ್ಮೆ ಸೌಮ್ಯ ಸೋಪು. ದಾಡಿ ಹಿಂದಿನ ರಾತ್ರಿ ಮಾಡಿಕೊಳ್ಳಿ. ಗುಳ್ಳಿ ಒಡೆಯಬೇಡಿ, ಕಲೆ ಬೀಳುವುದು ಅದರಿಂದಲೇ. ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ ಹಚ್ಚುವವರಿದ್ದಾರೆ, ಅವು ಸುಡುತ್ತವೆ ಅಷ್ಟೇ. ಗುಳ್ಳಿ ಎದ್ದೇ ಬಿಟ್ಟರೆ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ರಾತ್ರಿ ತೆಳ್ಳಗೆ, ಮೊದಲ ವಾರ ಒಂದು ದಿನ ಬಿಟ್ಟು ಒಂದು ದಿನ. ತಲೆದಿಂಬಿನ ಬಣ್ಣ ಹೋಗುತ್ತದೆ, ಹಳೇ ಟವೆಲ್ ಹಾಸಿಕೊಳ್ಳಿ. ಅಡಾಪಲೀನ್ ಅನ್ನುವ ಜೆಲ್ ಕೂಡ ಕೆಲಸ ಮಾಡುತ್ತದೆ, ಆದರೆ ಅದು ಡಾಕ್ಟರ್ ಹೇಳಿದರೆ ಮಾತ್ರ, ಬಸುರಿಯರಿಗೆ ಬೇಡವೇ ಬೇಡ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಎರಡು ದಿನದಲ್ಲಿ ಮಾಯ ಆಗುವ ಔಷಧ ಕಂಡರೆ ನನ್ನ ಟ್ಯೂಬ್ ನೆನಪು ಮಾಡಿಕೊಳ್ರಿ.

ಎಲ್ಲಾ ಗುಳ್ಳಿಯೂ ಮಾಸ್ಕಿನವಲ್ಲ. ಕನ್ನಡಿ ಮುಂದೆ ನಿಂತು ನೋಡಿ. ಮಾಸ್ಕ್ ಕೂಡುವ ಜಾಗದಲ್ಲೇ ನಿಂತಿದ್ದರೆ ಮಾಸ್ಕಿನದು. ಕಣ್ಣಿನ ರೆಪ್ಪೆ, ಕಿವಿ ಹಿಂದೆ, ಕುತ್ತಿಗೆ, ಅಂಗಿ ಗುಂಡಿ ತೆರೆದ ಎದೆವರೆಗೆ ಕೆಂಪಾಗಿ ತುರಿಸುತ್ತಿದ್ದರೆ ಕಾಂಗ್ರೆಸ್ ಕಸದ ಅಲರ್ಜಿ ಇರಬಹುದು. ಬದುವಿನ ಮೇಲೆ ಅದು ಇಲ್ಲದ ಹೊಲ ನಮ್ಮಲ್ಲಿ ಯಾವುದಿದೆ? ಅದಕ್ಕೆ ಮೊಡವೆ ಜೆಲ್ ಹಚ್ಚಿದರೆ ಇನ್ನೂ ಉರಿಯುತ್ತದೆ. ಕೀವು, ಜ್ವರ, ಕಣ್ಣಿನ ಸುತ್ತ ಬಾವು ಇದ್ದರೆ, ಇಲ್ಲಾ ಔಷಧ ಹೊಡೆದ ದಿನ ವಾಂತಿ, ತಲೆ ತಿರುಗು, ಕಣ್ಣು ಮಂಜು ಬಂದರೆ ಔರಾದ್‌ನವರಾಗಲಿ ಭಾಲ್ಕಿಯವರಾಗಲಿ ತಾಲ್ಲೂಕು ಆಸ್ಪತ್ರೆಗೆ ನಡೀರಿ, ಔಷಧದ ಡಬ್ಬಿ ಜೊತೆಗೇ ಒಯ್ಯಿರಿ.

ನನ್ನದೊಂದು ತಕರಾರಿದೆ. ಎಕರೆಗೆ ಎಷ್ಟು ಮಿಲಿ ಅಂತ ಹೇಳುವವರು ಬಹಳ ಮಂದಿ ಇದ್ದಾರೆ. ಮಾರಿಗೆ ಏನು ಕಟ್ಟಬೇಕು, ಅದನ್ನು ಹೇಗೆ ತೊಳೆಯಬೇಕು ಅಂತ ಹೇಳುವವರು ಕಡಿಮೆ. ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಮುಂದಿನ ತರಬೇತಿಗೆ ಹೋದಾಗ ನಾವೇ ಕೈ ಎತ್ತಿ ಕೇಳೋಣ. ರಾಶಿಗೆ ಕೂಲಿ ಕರೆಯುವ ಹೊಲದ ಮಾಲಕರು ಕೂಲಿ ಜೊತೆ ಒಬ್ಬೊಬ್ಬರಿಗೆ ಎರಡು ಎನ್-95 ಕೊಡಬೇಕು. ಒಂದು ಚೀಲ ಸೋಯಾದ ಬೆಲೆ ಮುಂದೆ ಅದು ಯಾವ ಲೆಕ್ಕ? ನಮ್ಮ ಅಣ್ಣನಿಗೂ ಇದನ್ನೇ ಹೇಳಿದೆ. ಮೊದಲು ಗೊಣಗಿದ, ಆಮೇಲೆ ಔರಾದ್ ಸಂತೆಯಿಂದ ಒಂದು ಬಾಕ್ಸ್ ತಂದ.

ಮಗಳು ಈಗ ಎರಡು ಚೀಲ ಇಟ್ಟುಕೊಂಡು ಹೊಲಕ್ಕೆ ಹೋಗುತ್ತಾಳೆ, ಒಂದು ಒಣಗಿದ್ದಕ್ಕೆ, ಒಂದು ತೊಯ್ದದ್ದಕ್ಕೆ. ಗದ್ದದ ಗುಳ್ಳಿ ಇನ್ನೂ ಪೂರ್ತಿ ಹೋಗಿಲ್ಲ, ಐದನೇ ವಾರ ನಡೆದಿದೆ.