ಮೆಟ್ರೊ ಹೆಸರು ಯಾರಿಗಾಗಿ?

‘ನಮ್ಮ ಮೆಟ್ರೊ’ಗೆ ‘ಬಸವ ಮೆಟ್ರೊ’ ಎಂದು ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಅಕ್ಟೋಬರ್‌ನಲ್ಲಿ ಹೇಳಿದ್ದೇ ತಡ, ಪರ–ವಿರೋಧದ ಮಾತು ಜೋರಾಯಿತು. ಬಸವಣ್ಣನವರಿಗೆ ಗೌರವ ಬೇಡವೇ ಎಂದು ಕೆಲವರು, ಮರುನಾಮಕರಣವೇ ದಂಡ ಎಂದು ಮತ್ತೆ ಕೆಲವರು. ದಿನಾ ರೈಲು ಹತ್ತಿ ಇಳಿಯುವವರ ಪರವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಹೊಸ ಹೆಸರಿನಿಂದ ದಾರಿ ಹುಡುಕುವುದು ಸುಲಭವಾಗುತ್ತದೆಯೇ? ಆಗುವುದಾದರೆ ಖರ್ಚು ಮಾಡಲಿ, ಇಲ್ಲವಾದರೆ ಕೈಬಿಡಲಿ.

ಮರುನಾಮಕರಣವೆಲ್ಲ ವ್ಯರ್ಥ ಎನ್ನುವವರು ಲಂಡನ್ನಿನ ಓವರ್‌ಗ್ರೌಂಡ್ ರೈಲುಗಳನ್ನು ನೋಡಬೇಕು. 2007ರಲ್ಲಿ ಶುರುವಾದ ಆ ಜಾಲ ಬೆಳೆಯುತ್ತಾ ಆರು ಮಾರ್ಗಗಳಾದರೂ ನಕ್ಷೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಒಂದೇ ಕಿತ್ತಳೆ ಬಣ್ಣ. ಕ್ಲಾಪಮ್ ಜಂಕ್ಷನ್‌ನಿಂದ ಹೊರಡುವ ಒಂದು ಓವರ್‌ಗ್ರೌಂಡ್ ರೈಲು ಶೆಫರ್ಡ್ಸ್ ಬುಷ್ ಮೇಲೆ ಪಶ್ಚಿಮದಿಂದ ಸುತ್ತಿಕೊಂಡು ಹೋಗುತ್ತದೆ, ಇನ್ನೊಂದು ಪೆಕ್‌ಹ್ಯಾಮ್ ಮೇಲೆ ಪೂರ್ವಕ್ಕೆ ಸಾಗುತ್ತದೆ. ಓವರ್‌ಗ್ರೌಂಡ್ ರೈಲು ತಡ ಎಂದರೆ ಯಾವುದು ತಡ? 2024ರ ಫೆಬ್ರುವರಿಯಲ್ಲಿ ಮೇಯರ್ ಸಾದಿಕ್ ಖಾನ್ ಆರಕ್ಕೂ ಬೇರೆ ಬೇರೆ ಹೆಸರು ಪ್ರಕಟಿಸಿದರು. ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರ ನೆನಪಿಗೆ ಸಫ್ರಜೆಟ್, 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತು ತಂದ ಹಡಗಿನ ನೆನಪಿಗೆ ವಿಂಡ್‌ರಶ್. ಖರ್ಚು 63 ಲಕ್ಷ ಪೌಂಡ್. ಇದು ಬರೀ ರಾಜಕೀಯ ಎಂದು ಎದುರಾಳಿಗಳು ಹರಿಹಾಯ್ದರು. ಹೆಸರಿನ ಆಯ್ಕೆಯಲ್ಲಿ ರಾಜಕೀಯ ಇದ್ದದ್ದು ನಿಜ. ಆದರೆ ಇಂದು ಕ್ಲಾಪಮ್‌ನಲ್ಲಿ ನಿಂತವರಿಗೆ ಪಶ್ಚಿಮದಿಂದ ಸುತ್ತುವ ನೀಲಿ ಬಣ್ಣದ ಮೈಲ್ಡ್‌ಮೇ ಬೇರೆ, ಪೂರ್ವಕ್ಕೆ ಸಾಗುವ ಕೆಂಪು ಬಣ್ಣದ ವಿಂಡ್‌ರಶ್ ಬೇರೆ. ಆ ದುಡ್ಡು ಪ್ರಯಾಣಿಕರಿಗೆ ಸಂದಿದೆ ಎಂದೇ ನಾನು ಹೇಳುತ್ತೇನೆ.

ಲಾಸ್ ಏಂಜಲೀಸ್‌ನ ಅನುಭವ ಇಷ್ಟು ಸುಗಮವಲ್ಲ. ಅಲ್ಲಿ ರೈಲು ಮಾರ್ಗಗಳ ಬಣ್ಣದ ಹೆಸರುಗಳನ್ನು ತೆಗೆದು ಅಕ್ಷರ ಕೊಟ್ಟರು. ಗೋಲ್ಡ್ ಲೈನ್ ‘ಎಲ್’ ಆಯಿತು. 2023ರ ಜೂನ್‌ನಲ್ಲಿ ನಗರದ ನಡುವೆ ಹೊಸ ಸುರಂಗ ತೆರೆದಾಗ ಅದೇ ಮಾರ್ಗವನ್ನು ‘ಎ’ ಮತ್ತು ‘ಇ’ಗೆ ಹಂಚಿ ‘ಎಲ್’ ಅನ್ನು ನಕ್ಷೆಯಿಂದಲೇ ಅಳಿಸಿದರು. ಆ ಸುರಂಗ ಬರುತ್ತದೆಂದು ಮೊದಲೇ ಗೊತ್ತಿತ್ತು. ಒಂದೇ ದಾರಿಗೆ ಜನ ಎರಡೆರಡು ಸಲ ಹೊಸ ಹೆಸರು ಕಲಿಯಬೇಕಾಯಿತು.

ಈಗ ಬೆಂಗಳೂರಿಗೆ ಬರೋಣ. ‘ಬಸವ ಮೆಟ್ರೊ’ ಎಂದರೆ ಯಾವ ಗೊಂದಲ ತೀರುತ್ತದೆ? ಫಲಕ, ಟಿಕೆಟ್, ಆ್ಯಪ್, ಪ್ರಕಟಣೆ ಎಲ್ಲವೂ ಬದಲಾಗಬೇಕು, ಆದರೂ ಹಸಿರು ಮಾರ್ಗದಿಂದ ಹಳದಿಗೆ ಎಲ್ಲಿ ಬದಲಿಸಬೇಕೆಂಬುದು ಯಾರಿಗೂ ಹೊಸದಾಗಿ ತಿಳಿಯುವುದಿಲ್ಲ. ಅದು ಆರ್‌.ವಿ. ರಸ್ತೆ ನಿಲ್ದಾಣದ ಫಲಕದ ಕೆಲಸ. ಅಂತಸ್ತಿನ ತಾರತಮ್ಯವನ್ನೇ ಪ್ರಶ್ನಿಸಿದ ಬಸವಣ್ಣನವರಿಗೆ ಗೌರವ ಸಲ್ಲಬೇಕಾದರೆ, ಸಾಮಾನ್ಯರ ಕೈಗೆಟುಕುವ ದರದಲ್ಲಿ ಸಲ್ಲಲಿ. 2025ರ ಫೆಬ್ರುವರಿಯ ದರ ಏರಿಕೆ ಇನ್ನೂ ಎಷ್ಟೋ ಮನೆಗಳ ಖರ್ಚನ್ನು ಹಿಂಡುತ್ತಿದೆ. ಹೊಸ ಹೆಸರಿಟ್ಟರೂ ಅದು ಜನರ ಬಾಯಲ್ಲಿ ನಿಲ್ಲುತ್ತದೆಂಬ ಖಾತರಿಯೂ ಇಲ್ಲ. ಮೆಜೆಸ್ಟಿಕ್ ನಿಲ್ದಾಣ ಅಧಿಕೃತವಾಗಿ ನಾಡಪ್ರಭು ಕೆಂಪೇಗೌಡರ ಹೆಸರಿನಲ್ಲಿದೆ, ಜನ ಮಾತ್ರ ಮೆಜೆಸ್ಟಿಕ್ ಅಂತಲೇ ಕರೆಯುತ್ತಾರೆ. ಅದು ಕೆಂಪೇಗೌಡರಿಗೆ ತೋರುವ ಅಗೌರವವಲ್ಲ, ಬಾಯಿಗೆ ಅಂಟಿದ ರೂಢಿ.

ಮೆಟ್ರೊ ನಿಗಮ ಹೆಸರುಗಳ ಗೊಡವೆಗೆ ಹೋಗಲೇಬೇಕೆಂದಿದ್ದರೆ ಮಾಡಬೇಕಾದ ಕೆಲಸ ಬೇರೆ ಇದೆ. ನೇರಳೆ, ಹಸಿರು, ಹಳದಿಯ ಜೊತೆ ಗುಲಾಬಿ, ನೀಲಿಯೂ ಸೇರಿದರೆ ಐದು ಬಣ್ಣ. ಓದು ಬಾರದವರಿಗೂ, ನಿನ್ನೆ ಊರಿಗೆ ಬಂದವರಿಗೂ ಬಣ್ಣ ದಾರಿ ತೋರುತ್ತದೆ, ಅದನ್ನು ಮುಟ್ಟುವುದು ಬೇಡ. ಆದರೆ ನೇರಳೆ–ನೀಲಿ ಒಂದರ ಪಕ್ಕ ಒಂದು ಬಂದರೆ ಬಣ್ಣಗುರುಡು ಇರುವವರು ಏನು ಮಾಡಬೇಕು? ಕೆ.ಆರ್. ಪುರದಲ್ಲಿ ಕೂಡುವುದು ಈ ಎರಡೇ. ದೆಹಲಿ ಮೆಟ್ರೊದಲ್ಲಿ ಮಾರ್ಗಗಳಿಗೆ ಬಣ್ಣದ ಜೊತೆ ಸಂಖ್ಯೆಯೂ ಇದೆ. ನಮ್ಮಲ್ಲೂ ಪ್ರತಿ ಬಣ್ಣದ ಪಟ್ಟಿಯ ಮೇಲೆ 1, 2, 3 ಎಂದು ದಪ್ಪಕ್ಷರದಲ್ಲಿ ಬರೆಯಲಿ, ಕೆ.ಆರ್. ಪುರದಲ್ಲಿ ನೀಲಿ ರೈಲು ಓಡುವ ಮೊದಲೇ ಬರೆಯಲಿ.