ನಿಂಬೆಯ ಘಮ ರಸದಲ್ಲಿಲ್ಲ

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಕಂಬಂ ಕಣಿವೆಯ ಹುಡುಗರು ರಜೆಗೆ ಬಂದಾಗ, ಅಲ್ಲಿ ನಿಂಬೆ, ಕಿತ್ತಳೆಯ ಘಮವಿರುವ ಬಿಯರು ಸಿಗುವುದೆಂದೂ ಅದನ್ನು ಮನೆಯಲ್ಲಿಯೇ ಮಾಡಬಹುದೆಂದೂ ಹೇಳುವುದುಂಟು. 1937ರ ಮದ್ಯನಿಷೇಧ ಕಾಯಿದೆ ತಮಿಳುನಾಡಿನಲ್ಲಿ ಇಂದಿಗೂ ಇದೆ. ಸರ್ಕಾರವೇ ಅಂಗಡಿಯಿಟ್ಟು ಮಾರಿದರೂ ಮನೆಯಲ್ಲಿ ಮಾಡಿದರೆ ಅಪರಾಧ. ಇದು ನ್ಯಾಯವೋ ಅಲ್ಲವೋ, ಆ ಚರ್ಚೆ ಕೃಷಿಪುಟದ್ದಲ್ಲ. ಆದರೆ ಬಿಯರು ಮಾಡುವವರಿಂದ ನಾವು ಕಲಿಯಬೇಕಾದ ವಿದ್ಯೆಯೊಂದಿದೆ.

ಬಿಯರಿಗೆ ಹಾಕುವ ಹಾಪ್ಸ್ ಎಂಬುದು ಒಂದು ಬಳ್ಳಿಯ ಹೂ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲಿನಲ್ಲಿ ಬೆಳೆಯುತ್ತಾರೆ. ಒಂದು ಗಂಟೆ ಕುದಿಸಿದರೆ ಅದು ಕಹಿ ಬಿಡುತ್ತದೆ, ಪರಿಮಳ ಹಬೆಯೊಡನೆ ಹಾರಿಹೋಗುತ್ತದೆ. ಆದುದರಿಂದ ಪರಿಮಳಕ್ಕೆಂದು ಹಾಕುವ ಹೂವನ್ನು ಕುದಿ ಇಳಿದ ಮೇಲೆ ಹಾಕುವರು. ನಿಂಬೆಯ ಸಿಪ್ಪೆಗೂ ಇದೇ ಕ್ರಮ.

ನಮ್ಮ ಮನೆಗಳಲ್ಲಿ ಎಲ್ಲವೂ ತಿರುಗುಮುರುಗು. ರಸ ಹಿಂಡಿ ಸಿಪ್ಪೆಯನ್ನು ತಿಪ್ಪೆಗೆಸೆಯುತ್ತೇವೆ. ಘಮ ಸಾಲದೆಂದು ಇನ್ನೆರಡು ಹಣ್ಣು ಹಿಂಡುತ್ತೇವೆ. ಪಾನಕ ಹುಳಿಯಾಗುತ್ತದೆಯೇ ಹೊರತು ಘಮಘಮಿಸುವುದಿಲ್ಲ. ಘಮವಿರುವುದು ಹೊರಸಿಪ್ಪೆಯ ಸಣ್ಣ ಎಣ್ಣೆಚೀಲಗಳಲ್ಲಿ. ನಂಬದವರು ಸಿಪ್ಪೆಯನ್ನು ದೀಪದ ಮುಂದೆ ಮಡಿಚಿ ಹಿಂಡಿ ನೋಡಲಿ, ಚಿಟಿಚಿಟಿ ಕಿಡಿ ಹಾರುತ್ತದೆ. ಶಾಲೆಯಲ್ಲಿ ಇದನ್ನು ತೋರಿಸಿದ ದಿನ ಗಂಟೆ ಹೊಡೆದರೂ ಮಕ್ಕಳು ಏಳುವುದಿಲ್ಲ.

ಈ ಎಣ್ಣೆ ನೀರಿನಲ್ಲಿ ಸುಲಭವಾಗಿ ಬೆರೆಯದು. ಬಿಯರಿನಲ್ಲಿ ಮದ್ಯಸಾರ ಅದನ್ನು ಎಳೆದುಕೊಳ್ಳುತ್ತದೆ; ಪಾನಕದಲ್ಲಿ ಆ ಕೆಲಸವನ್ನು ಬೆಲ್ಲದಿಂದಲೋ ಸಕ್ಕರೆಯಿಂದಲೋ ಮಾಡಿಸಬೇಕು. ತೊಳೆದು ಒರೆಸಿದ ಹಣ್ಣಿನ ಮೇಲುಸಿಪ್ಪೆಯನ್ನಷ್ಟೇ ತೆಳ್ಳಗೆ ಹೆರೆಯಿರಿ. ಒಳಗಿನ ಬಿಳಿಭಾಗ ಕಹಿ. ಅದನ್ನು ಪುಡಿಬೆಲ್ಲದೊಡನೆ ಕೈಯಿಂದ ಚೆನ್ನಾಗಿ ತಿಕ್ಕಿ ಅರ್ಧ ಗಂಟೆ ಮುಚ್ಚಿಡಿ. ಶುಂಠಿ ಕುದಿಸಿದ ನೀರು ಪೂರ್ತಿ ಆರಿದ ಮೇಲೆ ಕದಡಿ, ಸೋಸಿ, ಕೊನೆಗೆ ರಸ ಹಿಂಡಿ. ನಾಲ್ಕು ಲೋಟಕ್ಕೆ ಒಂದು ಹಣ್ಣಿನ ಸಿಪ್ಪೆ ಸಾಕು. ತಮಿಳರು ನಾರ್ತಂಗಾಯಿ ಎನ್ನುವ ಹೇರಳೆಯ ಸಿಪ್ಪೆಯೂ ಆದೀತು. ಅಂದೇ ಕುಡಿದು ಮುಗಿಸಬೇಕು. ಬಿಗಿಯಾಗಿ ಬಿರಡೆ ಹಾಕಿ ಬೇಸಗೆಯಲ್ಲಿ ಎರಡು ದಿನ ಇಟ್ಟರೆ ಹುಳಿತು ಸೀಸೆಯೇ ಒಡೆದೀತು.

ಪೆರಿಯಕುಳಂ ತೋಟಗಾರಿಕೆ ಕಾಲೇಜು ನಮಗೆ ಹತ್ತಿರ, ಪಿ.ಕೆ.ಎಂ. 1 ಎಂಬ ನಿಂಬೆಯ ತಳಿ ಅಲ್ಲಿಯದೇ. ಬೆಳೆಯುವ ವಿದ್ಯೆಗೆ ಕೊರತೆಯಿಲ್ಲ. ಹಣ್ಣು ಒಮ್ಮೆಗೇ ಬಂದು ಬೆಲೆ ಇಳಿದರೆ ಕೀಳುವ ಕೂಲಿಯೂ ಹುಟ್ಟದೆ ಬುಡದಲ್ಲಿಯೇ ಕೊಳೆಯುತ್ತದೆ. ಅಂಥ ದಿನಗಳಲ್ಲಿಯೇ ನಮ್ಮ ಜಾತ್ರೆಗೆ ಪೇಟೆಯಿಂದ ಎಸೆನ್ಸಿನ ಸೀಸೆ ತರಿಸುವುದನ್ನು ಕಂಡರೆ ನಮಗೆ ನಾಚಿಕೆಯಾಗುತ್ತದೆ. ಜಾತ್ರೆಯ ಪಾನಕಕ್ಕೆ ಊರ ಹಣ್ಣನ್ನೇ ಕೊಳ್ಳಬೇಕೆಂದು ಹಿರಿಯರು ಈ ವರ್ಷವಾದರೂ ಗೊತ್ತುಮಾಡಲಿ.

ಒಂದು ಕಟ್ಟು ಮಾತ್ರ ಇರಬೇಕು: ಮದ್ದು ಹೊಡೆದ ಹಣ್ಣಿನ ಸಿಪ್ಪೆ ಬೇಡ, ಬರಿಯ ನೀರಿನಲ್ಲಿ ತೊಳೆದರೆ ಮದ್ದೆಲ್ಲ ಹೋಗದು. ತೋಟದಲ್ಲಿ ಎರಡು ಗಿಡವನ್ನಾದರೂ ಮದ್ದಿಲ್ಲದೆ ಬಿಡಿ. ನಮ್ಮ ಬಾವಿಯ ಬಳಿ ಬಿಟ್ಟ ಎರಡು ಗಿಡಗಳ ಎಲೆಯನ್ನು ಹುಳು ತಿಂದಿದೆ, ಹಣ್ಣಿನ ಮೈ ಒರಟು. ಮಂಡಿಯವರು ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಪಾನಕಕ್ಕೆ ನಾವು ಕೀಳುವುದು ಅದನ್ನೇ.